ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಆಗದ ಕಾರು, ಅದರ ರೋಗ ಪತ್ತೆ ಹಚ್ಚಿದ ಭಾಯ್

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಂದು ಸಣ್ಣ ಆಟೋ ಎಲೆಕ್ಟ್ರಿಕ್ ಅಂಗಡಿ ಇದೆ. ಶಟರ್ ಅಗಲ ಹತ್ತಡಿ ಇರಬಹುದು. ಬೋರ್ಡಿನಲ್ಲಿ ಹೆಸರಿನ ಭಾಗ ಮಳೆಗೆ ತೊಳೆದು ಹೋಗಿದೆ. ‘ಆಟೋ ಎಲೆಕ್ಟ್ರಿಕಲ್ಸ್’ ಅನ್ನೋದಷ್ಟೇ ಓದಲು ಬರುತ್ತದೆ. ಅಲ್ಲಿ ಕೆಲಸ ಮಾಡುವ ಹಿರಿಯರನ್ನು ಎಲ್ಲರೂ ಭಾಯ್ ಅಂತ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೆ ಕಷ್ಟಪಡುತ್ತಿರುವವರು ಯಾರಾದರೂ ಇದ್ದರೆ, ಹೊಸ ಬ್ಯಾಟರಿ ಕೊಳ್ಳುವ ಮೊದಲು ಇದನ್ನು ಓದಿ.

ನಾನು ಪಶುವೈದ್ಯೆ. ಮನೆ ಮಂಡಗದ್ದೆ ಕಡೆ. ಕಾರು 2015ರ ವ್ಯಾಗನಾರ್, ಪೆಟ್ರೋಲ್. ನನ್ನ ಕೆಲಸಕ್ಕೆ ಹೊತ್ತು ಗೊತ್ತು ಇಲ್ಲ. ಹಸು ಕರು ಹಾಕುವುದು ನಡುರಾತ್ರಿಯಲ್ಲೇ ಜಾಸ್ತಿ ಅನ್ನಿಸುತ್ತದೆ ನನಗೆ. ಫೋನ್ ಬಂದ ಕೂಡಲೇ ಹೊರಡಬೇಕು. ಹಾಗಾಗಿ ಕಾರು ನನಗೆ ಸ್ಟೆತಾಸ್ಕೋಪ್ ಇದ್ದ ಹಾಗೆ. ಅದಿಲ್ಲದೆ ಕೆಲಸವೇ ಇಲ್ಲ.

ಜೂನ್ ಮೊದಲ ವಾರ ತೊಂದರೆ ಶುರುವಾಯಿತು. ಒಂದು ಸೋಮವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ‘ಟಕ್ ಟಕ್ ಟಕ್’ ಅಂತ ಸದ್ದು. ಮೀಟರ್ ದೀಪಗಳು ಮಂಕಾಗಿ ಒಮ್ಮೆ ಮಿನುಗಿ ಆರಿದವು. ಪಕ್ಕದ ಮನೆಯವರ ಪಿಕಪ್ ತಂದು, ಅದರ ಬ್ಯಾಟರಿಯಿಂದ ಜಂಪ್ ಕೇಬಲ್ ಹಾಕಿ ಎಬ್ಬಿಸಿದೆವು. ಹೇಗೂ ಬ್ಯಾಟರಿಗೆ ಎರಡೂವರೆ ವರ್ಷ ಆಗಿತ್ತು. ಬ್ಯಾಟರಿ ಮಾರುವ ಒಂದು ಅಂಗಡಿಗೆ ಹೋದೆ. ಅವರು ಮೀಟರ್ ಹಿಡಿಯಲಿಲ್ಲ, ಏನೂ ಇಲ್ಲ. ಬಾನೆಟ್ ಎತ್ತಿ ನೋಡಿ ‘ಬ್ಯಾಟರಿ ಹೋಗಿದೆ ಮೇಡಂ’ ಅಂದರು. ಹಳೆಯದನ್ನು ಎಕ್ಸ್‌ಚೇಂಜ್ ಹಾಕಿ 4,300 ರೂಪಾಯಿ ಕೊಟ್ಟು 35 ಎಎಚ್‌ನ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಎಎಚ್ ಅಂದರೆ ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತದೆ ಅನ್ನೋ ಅಳತೆ. ಇನ್ನು ಮೂರು ವರ್ಷ ಚಿಂತೆಯಿಲ್ಲ ಅಂದುಕೊಂಡೆ.

ಎರಡು ವಾರ ಕಳೆದಿತ್ತು. ಮತ್ತೆ ಸೋಮವಾರ. ಬೆಳಗಿನ ಜಾವ ನಾಲ್ಕೂವರೆಗೆ ಫೋನ್. ಜರ್ಸಿ ಕ್ರಾಸ್ ಕಡಸು, ಚೊಚ್ಚಲು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿದೆ, ಇನ್ನೊಂದು ಕಾಣುತ್ತಿಲ್ಲ. ‘ಬೇಗ ಬನ್ನಿ ಡಾಕ್ಟ್ರಮ್ಮಾ, ಬಹಳ ತಿಣುಕ್ತಾ ಇದೆ’ ಅಂದರು. ಒಳಗೆ ಕಾಲು ಮಂಡಿಯಲ್ಲಿ ಮಡಚಿಕೊಂಡಿದ್ದರೆ ಹೀಗಾಗುತ್ತದೆ. ಕೈ ಹಾಕಿ ಕಾಲು ನೇರ ಮಾಡದೆ ಎಳೆಯುವ ಹಾಗಿಲ್ಲ. ಐದೇ ನಿಮಿಷದಲ್ಲಿ ಪೆಟ್ಟಿಗೆ ಎತ್ತಿಕೊಂಡು ಕಾರಿನಲ್ಲಿ ಕೂತೆ. ಕೀಲಿ ತಿರುಗಿಸಿದೆ. ಈ ಸಲ ಟಕ್ ಅನ್ನೋ ಸದ್ದೂ ಇಲ್ಲ.

ಮಳೆ ಸುರಿಯುತ್ತಿತ್ತು. ಪಿಕಪ್ ಅವತ್ತು ಊರಲ್ಲಿರಲಿಲ್ಲ. ಕೊನೆಗೆ ಫೋನ್ ಮಾಡಿದ ಮನೆಯ ಹುಡುಗನೇ ಬೈಕ್ ತಂದು ಕರೆದುಕೊಂಡು ಹೋದ. 40 ನಿಮಿಷ ತಡವಾಯಿತು. ಹಸು ಉಳಿಯಿತು. ಕರು ಉಳಿಯಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಉಳಿಯುತ್ತಿತ್ತಾ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಆ ಮನೆಯ ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಅದೇ ದಿನ ಒಂದು ಗ್ಯಾರೇಜಿಗೆ ಕಾರು ಒಯ್ದೆ. ‘ಹೊಸ ಬ್ಯಾಟರಿ ಹಾಕಿದ ಮೇಲೂ ಇಳೀತಾ ಇದೆ ಅಂದ್ರೆ ಡೈನಮೋ ಚಾರ್ಜ್ ಮಾಡ್ತಿಲ್ಲ, ಬದಲಾಯಿಸಬೇಕು, 7,500 ಆಗುತ್ತೆ’ ಅಂದರು. ಡೈನಮೋ ಅಂದರೆ ಇಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಸಾಮಾನು. ಇಲ್ಲೂ ಯಾರೂ ಏನನ್ನೂ ಅಳೆಯಲಿಲ್ಲ. ಈ ಸಲ ನಾನು ಒಪ್ಪಲಿಲ್ಲ. ಹಸು ಮೇವು ಬಿಟ್ಟಿದೆ ಅಂತ ಕರೆದರೆ ನಾನು ಮೊದಲು ಜ್ವರ ನೋಡುತ್ತೇನೆ, ಹೊಟ್ಟೆಯ ಸದ್ದು ಕೇಳುತ್ತೇನೆ, ನಿನ್ನೆ ಏನು ತಿಂದಿತ್ತು ಅಂತ ಕೇಳುತ್ತೇನೆ. ನೋಡದೆ ಇಂಜೆಕ್ಷನ್ ಹಾಕಲ್ಲ. ಕಾರಿಗೂ ಹಾಗೇ ನೋಡುವವರು ಯಾರಾದರೂ ಇರಬೇಕಲ್ವಾ? ಹಾಲಿನ ವ್ಯಾನ್ ಓಡಿಸುವವರೊಬ್ಬರು ಭಾಯ್ ಅಂಗಡಿ ಹೇಳಿದರು. ‘ಅವರು ನಿಧಾನ ಮೇಡಂ. ಆದ್ರೆ ಹುಡುಕದೆ ಬಿಡೋರಲ್ಲ’ ಅಂದರು.

ಆರಿದ್ರಾ ಮಳೆ ಜೋರಾಗಿದ್ದ ಒಂದು ದಿನ ಜಂಪ್ ಮಾಡಿ ಎಬ್ಬಿಸಿಕೊಂಡು, ದಾರಿಯಲ್ಲಿ ಎಲ್ಲೂ ಇಂಜಿನ್ ಆಫ್ ಮಾಡದೆ, ಸಕ್ರೆಬೈಲು, ಗಾಜನೂರು ದಾಟಿ 30 ಕಿಲೋಮೀಟರ್ ಹತ್ತಿರ ಓಡಿಸಿಕೊಂಡು ಆಟೋ ಕಾಂಪ್ಲೆಕ್ಸ್ ಸೇರಿದೆ.

ಭಾಯ್ ಕಾರನ್ನು ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಇದು ನನಗೆ ತುಂಬಾ ಇಷ್ಟವಾಯಿತು. ಯಾವಾಗಿಂದ ಶುರು? ದಿನಾ ಆಗುತ್ತಾ, ಒಂದೊಂದು ದಿನವಾ? ಯಾವ ದಿನ? ದಿನಕ್ಕೆ ಎಷ್ಟು ಕಿಲೋಮೀಟರ್ ಓಡುತ್ತೆ? ಹೊರಗಡೆ ಏನೇನು ಹಾಕಿಸಿದ್ದೀರಿ?

ಕಿಲೋಮೀಟರ್ ಕೇಳಿದ್ದಕ್ಕೆ ನನ್ನ ಡೈರಿ ತೆಗೆದುಕೊಟ್ಟೆ. ಯಾರ ಮನೆ, ಯಾವ ಜಾನುವಾರು, ಏನು ಔಷಧಿ, ಎಷ್ಟು ಕಿಲೋಮೀಟರ್ ಎಲ್ಲಾ ಅದರಲ್ಲಿ ಬರೆದಿಡುತ್ತೇನೆ. ಅವರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಶನಿವಾರ 11 ಕಿಲೋಮೀಟರ್. ಭಾನುವಾರ ಏನೂ ಇಲ್ಲ. ಸೋಮವಾರ ಬೆಳಿಗ್ಗೆ ಕಾರು ಏಳಲಿಲ್ಲ. ಹಿಂದಿನ ಸಲವೂ ಅದೇ. ನಡುವಿನ ವಾರ, ದಿನಕ್ಕೆ 60–70 ಕಿಲೋಮೀಟರ್ ಓಡಿದಾಗ ಒಂದು ದಿನವೂ ತೊಂದರೆ ಇಲ್ಲ. ‘ನೋಡಿ ಮೇಡಂ, ಗಾಡಿನೇ ಹೇಳ್ತಾ ಇದೆ’ ಅಂದರು. ‘ದಿನಾ ಕುಡೀತಾ ಇದೆ ಒಬ್ಬ. ಜಾಸ್ತಿ ಓಡಿದ ದಿನ ಕುಡಿದಿದ್ದು ತುಂಬುತ್ತೆ. ನಿಂತ ದಿನ ತುಂಬಲ್ಲ. ಆ ಒಬ್ಬ ಯಾರು ಅಂತ ಹಿಡೀಬೇಕು.’

ಆಮೇಲೆ ಮೀಟರ್ ತಂದರು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದು ನನಗೆ ತೋರಿಸಿದರು. 14.2 ವೋಲ್ಟ್. ಹೆಡ್‌ಲೈಟ್, ಬ್ಲೋವರ್, ವೈಪರ್ ಎಲ್ಲಾ ಹಾಕಿಸಿ ಮತ್ತೆ ನೋಡಿದರು. 13.9. ‘ಡೈನಮೋ ಚೆನ್ನಾಗಿದೆ. ಇದನ್ನ ಯಾಕೆ ಬಿಚ್ಚಬೇಕು?’ ಅಂದರು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇದ್ದರೆ ಬ್ಯಾಟರಿಗೆ ಚಾರ್ಜ್ ಹೋಗುತ್ತಿದೆ ಅಂತ ಅರ್ಥ. ಎರಡು ನಿಮಿಷದ ಕೆಲಸ ಇದು. ಈ ಎರಡು ನಿಮಿಷವನ್ನು ಯಾರೂ ಕೊಡದೆ ಇದ್ದಿದ್ದಕ್ಕೆ ನಾನು 7,500 ಕಳೆದುಕೊಳ್ಳುವವಳಿದ್ದೆ.

ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಾಗ 12.1. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಇಟ್ಟಾಗ 12.6 ಅಥವಾ ಸ್ವಲ್ಪ ಮೇಲೆ ತೋರಿಸಬೇಕಂತೆ. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಹೋದರೆ ಬಹುಪಾಲು ಮುಗಿದ ಹಾಗೆ. ನಾವು 12 ವೋಲ್ಟ್ ಬ್ಯಾಟರಿ ಅನ್ನುತ್ತೇವೆ, ಹಾಗಾಗಿ 12 ಇದ್ದರೆ ಸರಿ ಇದೆ ಅಂದುಕೊಳ್ಳುತ್ತೇವೆ. ಅದು ತಪ್ಪು ಅಂತ ಅವತ್ತು ಗೊತ್ತಾಯಿತು.

ಈಗ ಮುಖ್ಯ ಕೆಲಸ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ನೋಡಲು ಅಷ್ಟು ಚೆನ್ನಾಗಿತ್ತು.

ಅವರು 10ರ ಸ್ಪ್ಯಾನರ್ ತೆಗೆದು ಮೊದಲು ಮೈನಸ್ ಟರ್ಮಿನಲ್ ಬಿಚ್ಚಿದರು. ಯಾವಾಗಲೂ ಮೈನಸ್ ಮೊದಲು. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಗುಲಿದರೆ ಶಾರ್ಟ್ ಆಗಿ ದೊಡ್ಡ ಕಿಡಿ ಹಾರುತ್ತದೆ. ಆಮೇಲೆ ಒಂದು ಟೆಸ್ಟ್ ಲ್ಯಾಂಪ್ ತಂದರು. ಬೇರೆ ಏನಲ್ಲ, ಬ್ರೇಕ್ ಲೈಟಿನ 21 ವಾಟ್ ಬಲ್ಬ್. ಅದರ ಹೋಲ್ಡರಿಗೆ ಎರಡು ವೈರ್, ವೈರಿನ ತುದಿಗೆ ಎರಡು ಕ್ಲಿಪ್. ಹೋಲ್ಡರ್ ಸುತ್ತ ಹಳೇ ಟ್ಯೂಬ್ ರಬ್ಬರ್ ಸುತ್ತಿದ್ದರು, ಕೈ ಉಜ್ಜಿ ಉಜ್ಜಿ ಆ ರಬ್ಬರ್ ನುಣುಪಾಗಿತ್ತು. ಒಂದು ಕ್ಲಿಪ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಿಚ್ಚಿದ ಕೇಬಲ್‌ಗೆ. ಅಂದರೆ ಕಾರಿನಲ್ಲಿ ಯಾವುದೇ ಮೂಲೆಯಲ್ಲಿ ಕರೆಂಟ್ ಹರಿದರೂ ಅದು ಈ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬ್ ಉರಿದರೆ ಕಳ್ಳ ಒಳಗಿದ್ದಾನೆ.

ಎಲ್ಲಾ ಬಾಗಿಲು ಹಾಕಿಸಿದರು. ಡ್ರೈವರ್ ಬಾಗಿಲು ಮಾತ್ರ ತೆರೆದಿಟ್ಟು, ಅದರ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದರು, ಬಾಗಿಲಿನ ಸ್ವಿಚ್ಚಿಗೆ ಒಂದು ತುಂಡು ಟೇಪ್ ಹಾಕಿ ಒತ್ತಿ ಹಿಡಿಸಿದರು. ಬಾಗಿಲು ಹಾಕಿದೆ ಅಂತ ಕಾರಿಗೆ ಅನ್ನಿಸಬೇಕು, ಆದರೆ ಫ್ಯೂಸ್ ಪೆಟ್ಟಿಗೆಗೆ ಕೈ ಹೋಗಬೇಕು, ಅದಕ್ಕೆ. ಬಲ್ಬ್ ಮೊದಲು ಜೋರಾಗಿ ಉರಿಯಿತು. ನಾನು ‘ಸಿಕ್ತು’ ಅಂದೆ. ‘ಇನ್ನೂ ಇಲ್ಲ ಮೇಡಂ, ಗಾಡಿ ಮಲಗಲಿ’ ಅಂದರು. ಈಗಿನ ಕಾರುಗಳಲ್ಲಿ ಕಂಪ್ಯೂಟರ್ ಡಬ್ಬಿಗಳು ಇರುತ್ತವೆ. ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಎಚ್ಚರ ಇರುತ್ತವೆ. ಕೆಲವು ಕಾರಿಗೆ ಅರ್ಧ ಗಂಟೆ ಬೇಕು. ಅಷ್ಟರೊಳಗೆ ನೋಡಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಚಹಾ ತರಿಸಿದರು. ಮಳೆ ಬೀಳುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಯಾರೋ ಬಾಗಿಲಿನ ತಗಡು ತಟ್ಟುತ್ತಿದ್ದರು. ನಾವು ಬಲ್ಬ್ ನೋಡುತ್ತಾ ನಿಂತೆವು. ನಿಧಾನಕ್ಕೆ ಮಂಕಾಯಿತು. ಆದರೆ ಆರಲಿಲ್ಲ. ಒಳಗಿನ ತಂತಿ ಕೆಂಪಗೆ, ಊದುಬತ್ತಿಯ ತುದಿಯ ಹಾಗೆ ಕಾಣುತ್ತಲೇ ಇತ್ತು.

25 ನಿಮಿಷ ಆದ ಮೇಲೆ ಬಲ್ಬ್ ತೆಗೆದು ಅದೇ ಜಾಗಕ್ಕೆ ಮೀಟರ್ ಹಾಕಿದರು, 10 ಆಂಪಿಯರ್ ರೇಂಜಿನಲ್ಲಿ. 0.93 ಆಂಪಿಯರ್. ನಿಂತ ಕಾರು ಗಡಿಯಾರಕ್ಕೆ, ಲಾಕಿಗೆ, ಕಂಪ್ಯೂಟರಿನ ನೆನಪಿಗೆ ಅಂತ ಎಳೆಯುವುದು 0.05 ಆಂಪಿಯರಿನ ಒಳಗೆ ಇರಬೇಕು. ಇಲ್ಲಿ ಅದರ ಹದಿನೆಂಟು ಪಟ್ಟು. ಭಾಯ್ ನನ್ನ ಡೈರಿಯ ಹಿಂದಿನ ಪುಟದಲ್ಲೇ ಲೆಕ್ಕ ಬರೆದರು. ಶನಿವಾರ ಸಂಜೆ ಆರಕ್ಕೆ ನಿಲ್ಲಿಸಿದ್ದು, ಸೋಮವಾರ ಬೆಳಗಿನ ಜಾವ ನಾಲ್ಕೂವರೆ. 34 ಗಂಟೆಯ ಮೇಲೆ. ಗಂಟೆಗೆ 0.93. ಒಟ್ಟು 32 ಎಎಚ್. ಬ್ಯಾಟರಿ ಇರುವುದೇ 35. ಆ ಸಂಖ್ಯೆ ನೋಡಿದಾಗ ಗಂಟಲು ಕಟ್ಟಿತು. ಆ ಬೆಳಿಗ್ಗೆ ಕಾರು ಯಾಕೆ ಏಳಲಿಲ್ಲ ಅಂತ ಒಂದೇ ಸಾಲಿನಲ್ಲಿ ಉತ್ತರ ಇತ್ತು.

ಮತ್ತೆ ಬಲ್ಬ್ ಹಾಕಿ ಫ್ಯೂಸ್ ಒಂದೊಂದೇ ಕಿತ್ತರು. ಕಿತ್ತದ್ದನ್ನು ಅದೇ ಸಾಲಿನಲ್ಲಿ ಬಟ್ಟೆಯ ಮೇಲೆ ಜೋಡಿಸಿದರು. ಅಂಗಡಿಯ ಹುಡುಗನೊಬ್ಬ ಬಲ್ಬ್ ನೋಡುತ್ತಾ ‘ಇದೆ ಭಾಯ್, ಇದೆ ಭಾಯ್’ ಅನ್ನುತ್ತಿದ್ದ. ಸ್ಟೀರಿಂಗ್ ಕೆಳಗಿನ ಪೆಟ್ಟಿಗೆ ಪೂರ್ತಿ ಖಾಲಿ. ಬಾನೆಟ್ ಕೆಳಗಿನದ್ದೂ ಖಾಲಿ. ಬಲ್ಬ್ ಇನ್ನೂ ಉರಿಯುತ್ತಿದೆ! ಚೂರು ಮಂಕಾಗಿದ್ದು ಬಿಟ್ಟರೆ ಹಾಗೇ ಇದೆ.

ನನಗೆ ಕೈ ಚೆಲ್ಲುವ ಹಾಗಾಯಿತು. ಭಾಯ್‌ಗೆ ಖುಷಿಯಾಯಿತು. ಎಲ್ಲಾ ಫ್ಯೂಸ್ ತೆಗೆದ ಮೇಲೂ ಉರಿಯುತ್ತಿದೆ ಅಂದರೆ, ಎಳೆಯುತ್ತಿರುವುದು ಫ್ಯೂಸ್ ಪೆಟ್ಟಿಗೆ ದಾಟಿ ಬಂದ ಸಾಮಾನಲ್ಲ. ಬ್ಯಾಟರಿಯಿಂದ ನೇರ ಹೋಗುವ ಸಾಮಾನು. ಹಾಗೆ ಹೋಗುವುದು ಮೂರೇ. ಸ್ಟಾರ್ಟರ್, ಡೈನಮೋ, ಇಲ್ಲ ಯಾರೋ ಹೊರಗಿನಿಂದ ಹಾಕಿದ ವೈರ್. ಡೈನಮೋ ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟಿದ್ದರೆ, ಚಾರ್ಜ್ ಮಾಡುತ್ತಿದ್ದರೂ ನಿಂತಾಗ ವಾಪಸ್ ಎಳೆಯುವುದುಂಟು. ಅದಕ್ಕೇ ಡೈನಮೋದ ದಪ್ಪ ವೈರ್ ಬಿಚ್ಚಿ ನೋಡಿದರು. ಬಲ್ಬ್ ಹಾಗೇ ಇದೆ. ಡೈನಮೋ ಎರಡನೇ ಸಲವೂ ಪಾಸಾಯಿತು.

ಆಮೇಲೆ ಪ್ಲಸ್ ಟರ್ಮಿನಲ್ ಮೇಲಿನ ಕೆಂಪು ಮುಚ್ಚಳ ಎತ್ತಿದರು. ಕಂಪನಿಯ ದಪ್ಪ ವೈರುಗಳ ಕೆಳಗೆ, ನಟ್ಟಿಗೆ ಸುತ್ತಿದ ಒಂದು ತೆಳು ಕೆಂಪು ವೈರ್. ಮೇಲೆ ಕಪ್ಪು ಟೇಪ್. ಅದನ್ನು ಬಿಡಿಸಿದ ಕ್ಷಣ ಬಲ್ಬ್ ಆರಿತು.

ಆ ವೈರ್ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿದೆವು. ಜನವರಿಯಲ್ಲಿ ನಾನು ಒಂದು ಆಕ್ಸೆಸರಿ ಅಂಗಡಿಯಲ್ಲಿ ಟಚ್ ಸ್ಕ್ರೀನ್ ಪ್ಲೇಯರ್ ಹಾಕಿಸಿದ್ದೆ. ಅದರ ಜೊತೆಗೇ ಡಿಕ್ಕಿಯಲ್ಲಿ ಅರ್ಧ ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸಿಕೊಟ್ಟಿದ್ದರು. ರಾತ್ರಿ ಔಷಧಿ ಹುಡುಕಲು ನಾನೇ ಕೇಳಿ ಹಾಕಿಸಿದ್ದು. ಡಿಕ್ಕಿ ಬಾಗಿಲು ತೆರೆದರೆ ಹೊತ್ತಿಕೊಳ್ಳುತ್ತದೆ, ಹಾಕಿದರೆ ಆರುತ್ತದೆ. ತುಂಬಾ ಅನುಕೂಲವಾಗಿತ್ತು. ಎರಡಕ್ಕೂ ಕರೆಂಟ್ ಕೊಟ್ಟಿದ್ದು ಈ ಒಂದೇ ತೆಳು ವೈರಿನಿಂದ.

ಪ್ಲೇಯರಿಗೆ ಹಳದಿ ವೈರ್ ಒಂದು ಬರುತ್ತದೆ, ಕೆಂಪು ಒಂದು. ಹಳದಿ ಸದಾ ಕರೆಂಟ್ ಇರುವ ಕಡೆ ಸೇರಬೇಕು, ನೆನಪು ಉಳಿಯಲು. ಅದು ಎಳೆಯುವುದು ಬಹಳ ಕಡಿಮೆ. ಕೆಂಪು ಕೀಲಿಯ ಜೊತೆ ಬಂದು ಕೀಲಿಯ ಜೊತೆ ಹೋಗಬೇಕು. ನನ್ನ ಕಾರಿನಲ್ಲಿ ಎರಡನ್ನೂ ಸೇರಿಸಿ ಹುರಿ ಮಾಡಿ ಟೇಪ್ ಸುತ್ತಿದ್ದರು. ನಾನು ಬಟನ್ ಒತ್ತಿದರೆ ಸ್ಕ್ರೀನ್ ಕಪ್ಪಾಗುತ್ತಿತ್ತು, ಅಷ್ಟೇ. ಒಳಗೆ ಹಗಲೂ ರಾತ್ರಿ ಎಚ್ಚರವಾಗಿಯೇ ಇತ್ತು. ಅದೊಂದೇ 0.31 ಆಂಪಿಯರ್.

ಉಳಿದದ್ದು ಡಿಕ್ಕಿ ದೀಪ. ‘ಬಾಗಿಲು ಹಾಕಿದ್ರೆ ಆರುತ್ತೆ ಭಾಯ್, ನಾನು ನೋಡಿದೀನಿ’ ಅಂದೆ. ‘ಒಳಗೆ ಕೂತು ನೋಡಿದೀರಾ?’ ಅಂತ ಕೇಳಿದರು. ನನ್ನ ಫೋನ್ ಇಸಿದುಕೊಂಡು, ವಿಡಿಯೋ ಆನ್ ಮಾಡಿ, ಔಷಧಿ ಪೆಟ್ಟಿಗೆಗೆ ಒರಗಿಸಿಟ್ಟು ಡಿಕ್ಕಿ ಹಾಕಿದರು. ತೆಗೆದರು. ಹಾಕಿದರು. ಐದು ಸಲ. ಆಮೇಲೆ ಮೂವರೂ ತಲೆ ಸೇರಿಸಿ ವಿಡಿಯೋ ನೋಡಿದೆವು. ಐದರಲ್ಲಿ ಮೂರು ಸಲ ಬಾಗಿಲು ಪೂರ್ತಿ ಹಾಕಿದ ಮೇಲೂ ದೀಪ ಬೆಳ್ಳಗೆ ಉರಿಯುತ್ತಿದೆ! ನನ್ನ ಗಮ್ ಬೂಟು, ರೇನ್‌ಕೋಟು, ಹಗ್ಗ ಎಲ್ಲಾ ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿವೆ. ಮನೆಯಲ್ಲಿ ಕಾರಿನ ಹಿಂಭಾಗ ಗೋಡೆ ಕಡೆಗೆ ಇರುತ್ತದೆ, ಮೇಲೆ ಟ್ರೇ ಮುಚ್ಚಿರುತ್ತದೆ. ರಾತ್ರಿ ಪಕ್ಕದಲ್ಲೇ ಓಡಾಡಿದರೂ ನನಗೆ ಕಂಡಿರಲಿಲ್ಲ.

ಕಾರಣ ಒಂದು ಚೂರು ರಬ್ಬರ್. ದೀಪಕ್ಕೆ ಇಟ್ಟ ಒತ್ತು ಸ್ವಿಚ್ಚಿನ ತುದಿಯಲ್ಲಿ ಒಂದು ರಬ್ಬರ್ ಟೋಪಿ ಇರುತ್ತದೆ. ಅದು ಕಿತ್ತು ಹೋಗಿತ್ತು. ಅದಿಲ್ಲದೆ ಪಿನ್ ಐದು ಮಿಲಿಮೀಟರ್ ಗಿಡ್ಡ. ಬಾಗಿಲು ಜೋರಾಗಿ ಹಾಕಿದರೆ ಒತ್ತುತ್ತದೆ, ಮೆಲ್ಲಗೆ ಹಾಕಿದರೆ ಇಲ್ಲ. ದೀಪ ಎಳೆಯುತ್ತಿದ್ದದ್ದು 0.58 ಆಂಪಿಯರ್.

ಜನವರಿಯಿಂದ ಇಲ್ಲದ ತೊಂದರೆ ಜೂನಿನಲ್ಲಿ ಯಾಕೆ ಬಂತು ಅಂತ ಕೇಳಿದೆ. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಬೇಸಿಗೆಯಲ್ಲಿ ಪ್ಲೇಯರ್ ಒಂದೇ ಎಳೆಯುತ್ತಿತ್ತು, ಓಡಾಟ ಜಾಸ್ತಿ ಇತ್ತು, ರಾತ್ರಿ ಹೋದದ್ದು ಹಗಲು ತುಂಬುತ್ತಿತ್ತು. ಮಳೆಗಾಲಕ್ಕೆ ರಬ್ಬರ್ ಹೋಯಿತು, ದೀಪ ಸೇರಿಕೊಂಡಿತು. ಹಗಲೂ ಹೆಡ್‌ಲೈಟ್, ವೈಪರ್, ಬ್ಲೋವರ್. ಬ್ಯಾಟರಿಗೆ ಉಳಿಯುವುದು ಕಡಿಮೆ. ಹಳೇ ಬ್ಯಾಟರಿ ಮೊದಲು ಸೋತಿತು. ಹೊಸದು ಎರಡು ವಾರ ತಡೆಯಿತು. ಎರಡನೇ ಬ್ಯಾಟರಿ, ಮೂರನೇ ಬ್ಯಾಟರಿ ಹಾಕಿದ್ದರೂ ಇದೇ ಆಗುತ್ತಿತ್ತು.

ಇದೆಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಆ ತೆಳು ವೈರಿಗೆ ಫ್ಯೂಸೇ ಇರಲಿಲ್ಲ. ಇಂಜಿನ್ ಕಡೆಯಿಂದ ಒಳಗೆ ಬರುವಲ್ಲಿ ತಗಡಿಗೆ ತೂತು ಕೊರೆದು, ರಬ್ಬರ್ ಬುಷ್ ಹಾಕದೆ ಹಾಗೇ ತೂರಿಸಿದ್ದರು. ತಗಡಿನ ಅಂಚಿಗೆ ಉಜ್ಜಿ ಪ್ಲಾಸ್ಟಿಕ್ ಸವೆದು, ಸಾಸಿವೆ ಕಾಳಿನಷ್ಟು ಜಾಗದಲ್ಲಿ ತಾಮ್ರ ಕಾಣುತ್ತಿತ್ತು. ಭಾಯ್ ಟಾರ್ಚ್ ಹಾಕಿ ಆ ಜಾಗವನ್ನು ಉಗುರಿನಿಂದ ತೋರಿಸಿದರು. ‘ಇದು ಬಾಡಿಗೆ ತಗುಲಿದ್ರೆ ಬ್ಯಾಟರಿಯ ಪೂರ್ತಿ ಕರೆಂಟ್ ಇದರಲ್ಲೇ ಹರಿಯುತ್ತೆ. ಕಾರ್ಪೆಟ್ ಕೆಳಗೆ ಬೆಂಕಿ’ ಅಂದರು. ಬ್ಯಾಟರಿ ಇಳಿಯುತ್ತಿದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಆ ವೈರನ್ನು ಯಾರು ನೋಡುತ್ತಿದ್ದರು?

ಅದನ್ನು ಪೂರ್ತಿ ಎಳೆದು ಬಿಸಾಕಿದರು. ಹೊಸ, ದಪ್ಪ ವೈರ್ ಹಾಕಿದರು. ಬ್ಯಾಟರಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್. ತೂತಿಗೆ ರಬ್ಬರ್ ಬುಷ್. ಪ್ಲೇಯರಿನ ಕೆಂಪು ವೈರನ್ನು ಕೀಲಿಯ ಲೈನಿಗೆ ಸೇರಿಸಿದರು. ಜಾಯಿಂಟ್‌ಗಳಿಗೆ ಸುಮ್ನೆ ಟೇಪ್ ಸುತ್ತಲಿಲ್ಲ, ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ಏರಿಸಿದರು. ಮಲೆನಾಡಿನ ತೇವಕ್ಕೆ ಟೇಪ್ ಒಂದು ಮಳೆಗಾಲ ಬಾಳಲ್ಲ ಅಂತ ಅವರ ಮಾತು. ಡಿಕ್ಕಿಗೆ ಹೊಸ ಸ್ವಿಚ್ ಹಾಕಿ, ಜೊತೆಗೆ ಕೈಯಲ್ಲಿ ಆಫ್ ಮಾಡಲು ಇನ್ನೊಂದು ಸ್ವಿಚ್ ಇಟ್ಟರು. ಕೊನೆಗೆ ಮತ್ತೆ ಮೀಟರ್. ಮತ್ತೆ 25 ನಿಮಿಷ ಕಾದರು. 0.04. ಆ ಸಂಖ್ಯೆಯನ್ನು ಡೈರಿಯಲ್ಲಿ ನಾನೇ ಬರೆದುಕೊಂಡೆ.

ಒಟ್ಟು ನಾಲ್ಕು ಗಂಟೆ ಹಿಡಿಯಿತು. ಸಾಮಾನಿಗೆ 310, ಮಜೂರಿ 600. 910 ರೂಪಾಯಿ. ಕಿತ್ತು ತೆಗೆದ ಹಳೇ ವೈರ್, ಸ್ವಿಚ್ ಎಲ್ಲಾ ಒಂದು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಇಳಿದ ಬ್ಯಾಟರಿಯನ್ನು ಬರೀ ಕಾರು ಓಡಿಸಿ ತುಂಬಿಸಲು ಹೋಗಬಾರದು. ಇಳಿದ ಸ್ಥಿತಿಯಲ್ಲಿ ಬಿಟ್ಟಷ್ಟೂ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಆ ಭಾಗ ಚಾರ್ಜ್ ಹಿಡಿಯುವುದಿಲ್ಲ. ಡೈನಮೋ ಮೇಲೂ ಭಾರ. ಭಾಯ್ ನನ್ನ ಬ್ಯಾಟರಿಯನ್ನು ಇಟ್ಟುಕೊಂಡು, ರಾತ್ರಿಯಿಡೀ ಮೂರೂವರೆ ಆಂಪಿಯರಿನಲ್ಲಿ ಸ್ಲೋ ಚಾರ್ಜಿಗೆ ಹಾಕಿದರು. ಅಲ್ಲಿಯವರೆಗೆ ಓಡಿಸಲು ಅವರದೇ ಸರ್ವಿಸ್ ಬ್ಯಾಟರಿ ಕೊಟ್ಟರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಮಾರನೇ ದಿನ ಹೋಗಿ ಬದಲಾಯಿಸಿಕೊಂಡು ಬಂದೆ. ಎರಡು ತಿಂಗಳ ಮೇಲಾಯಿತು. ಭಾನುವಾರ ಪೂರ್ತಿ ನಿಂತ ಮೇಲೂ ಸೋಮವಾರ ಬೆಳಿಗ್ಗೆ 12.5ರ ಕೆಳಗೆ ಇಳಿದಿಲ್ಲ. 600 ರೂಪಾಯಿಯ ಒಂದು ಮೀಟರ್ ಕೊಂಡಿದ್ದೇನೆ, ವಾರಕ್ಕೊಮ್ಮೆ ನೋಡಿ ಡೈರಿಯಲ್ಲಿ ಬರೆಯುತ್ತೇನೆ. ಮನೆಯಲ್ಲಿ ಆಂಪಿಯರ್ ನೋಡಲು ಹೋಗುವವರಿಗೆ ಒಂದು ಮಾತು: ಮೀಟರ್ ನಡುವೆ ಇರುವಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಮಾಡಬೇಡಿ. ಸೆಲ್ಫ್ ಎಳೆಯುವ ಕರೆಂಟಿಗೆ ಮೀಟರಿನ ಫ್ಯೂಸ್ ತಕ್ಷಣ ಹೋಗುತ್ತದೆ.

ಕೊರತೆಗಳನ್ನೂ ಹೇಳಲೇಬೇಕು. ಕೂರಲು ಜಾಗ ಇಲ್ಲ. ಎರಡು ಹಳೇ ಸೀಟು ಹೊರಗೆ ಇಟ್ಟಿದ್ದಾರೆ, ಮಳೆಯಲ್ಲಿ ಅವೂ ಒದ್ದೆ. ಹೆಣ್ಣುಮಕ್ಕಳಿಗೆ ಶೌಚಾಲಯ ಹತ್ತಿರದಲ್ಲಿ ಇಲ್ಲ. ನಾಲ್ಕು ಗಂಟೆ ಹಿಡಿಯುವ ಕೆಲಸಕ್ಕೆ ಇದು ನಿಜವಾಗಿ ಕಷ್ಟ. ನಾನು ಇದನ್ನು ಭಾಯ್‌ಗೂ ಹೇಳಿದೆ. ತಲೆಯಾಡಿಸಿದರು, ಕಾಂಪ್ಲೆಕ್ಸಿನವರಿಗೆ ಹೇಳುತ್ತೇನೆ ಅಂದರು. ಬಿಲ್ ಕೇಳಿದರೆ ಸಣ್ಣ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಫೋನ್ ಎತ್ತುವುದು ಅಪರೂಪ, ಹಾಗಾಗಿ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಲು ಆಗುವುದಿಲ್ಲ. ಅವಸರ ಇರುವವರಿಗೆ ಈ ಅಂಗಡಿ ಆಗಿಬರುವುದಿಲ್ಲ.

ಎಲ್ಲಾ ಕಾರೂ ಅವರು ಮುಟ್ಟುವುದಿಲ್ಲ. ನಾನಿದ್ದಾಗಲೇ ಒಬ್ಬರು ಹೊಸ ಹೈಬ್ರಿಡ್ ಕಾರು ತಂದರು. ‘ಇದಕ್ಕೆ ಸ್ಕ್ಯಾನರ್ ಬೇಕು ಸರ್, ನನ್ನ ಹತ್ರ ಇಲ್ಲ. ಕಂಪನಿ ಸರ್ವಿಸಿಗೇ ಹೋಗಿ’ ಅಂತ ಕೈಮುಗಿದು ಕಳಿಸಿದರು. ಬಂದ ಗಿರಾಕಿಯನ್ನು ಹೀಗೆ ಕಳಿಸುವವರು ಎಷ್ಟು ಜನ ಇದ್ದಾರೆ?

ಹೋಗುವುದಾದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ. ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಇರುವುದಿಲ್ಲ, ನಮಾಜಿಗೆ ಹೋಗುತ್ತಾರೆ. ಕಾರು ಯಾವ ಯಾವ ದಿನ ಏಳಲಿಲ್ಲ, ಹಿಂದಿನ ದಿನ ಎಷ್ಟು ಓಡಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅವರು ಅದನ್ನೇ ಮೊದಲು ಕೇಳುತ್ತಾರೆ. ಡಿಕ್ಕಿ ಖಾಲಿ ಮಾಡಿಕೊಂಡು ಹೋಗಿ. ನನ್ನ ಪೆಟ್ಟಿಗೆ, ಬೂಟು, ಹಗ್ಗ ಎಲ್ಲಾ ಮಳೆಯಲ್ಲಿ ಹೊರಗಿಟ್ಟು, ಅಂಗಡಿಯ ಆ ಹುಡುಗ ತನ್ನ ಛತ್ರಿಯನ್ನು ಅವುಗಳ ಮೇಲೆ ಹಿಡಿದು ನಿಂತಿದ್ದ.